ಮನೆ ಹೆಸರು 'ಬೆಳ್ಳಕ್ಕಿ': ಚಪ್ಪಟೆ ನಿಬ್ಬಿನಲ್ಲಿ ಕನ್ನಡ ಯಾಕೆ ಕೂರುತ್ತಿಲ್ಲ?

ಮೂಲೆಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ 15 ದಿನದಿಂದ ತಲೆ ತಿನ್ನುತ್ತಿದೆ.

ಅಣ್ಣ ಹೊಸ ಮನೆ ಕಟ್ಟಿಸಿದ್ದಾನೆ. ಗದ್ದೆ ಬದಿಯ ಜಾಗ. ಬೆಳಗಾದರೆ ಎದುರಿಗೆ ಬೆಳ್ಳಕ್ಕಿ ಸಾಲು. ಹಾಗಾಗಿ ಮನೆಗೆ 'ಬೆಳ್ಳಕ್ಕಿ' ಅಂತಲೇ ಹೆಸರು. ದೀಪಾವಳಿ ಕಳೆದ ಮೇಲೆ ಗೃಹಪ್ರವೇಶ. ಹೆಸರಿನ ಹಲಗೆ ಬರೆಯುವ ಕೆಲಸ ನನಗೆ ಬಿದ್ದಿದೆ. ಶಾಲೆಯಲ್ಲಿ ನನ್ನ ಅಕ್ಷರ ದುಂಡಗಿತ್ತು ಅನ್ನುವುದು ಮನೆಯವರಿಗೆ ಇನ್ನೂ ನೆನಪಿದೆಯಂತೆ!

ಹಲಸಿನ ಹಲಗೆ ಹೆರೆದು ಇಟ್ಟಾಗಿದೆ. ಕ್ಯಾಲಿಗ್ರಫಿ ನಿಬ್ ಸೆಟ್ ತರಿಸಿದೆ. ವಿಡಿಯೋ ನೋಡಿ ಇಂಗ್ಲಿಷ್ ಬರೆದೆ, ಎರಡೇ ದಿನದಲ್ಲಿ ಪರವಾಗಿಲ್ಲ ಅನಿಸಿತು. ಅದೇ ನಿಬ್ಬಿನಲ್ಲಿ 'ಬೆಳ್ಳಕ್ಕಿ' ಬರೆದರೆ ಮಳೆಯಲ್ಲಿ ನೆನೆದ ಕೋಳಿ ಹಾಗೆ ಕಾಣುತ್ತದೆ. ಗುಡಿಸಿನ ಸುಳಿ ಮುಚ್ಚಿಹೋಗಿ ಮಸಿ ಮುದ್ದೆ ಆಗುತ್ತದೆ. ಕೆಳಗೆ ಳ ಒತ್ತು, ಕ ಒತ್ತು ಎರಡೂ ಡಿಕ್ಕಿ ಹೊಡೆಯುತ್ತವೆ.

ತಪ್ಪು ನನ್ನ ಕೈಯದ್ದೋ, ಪೆನ್ನಿನದ್ದೋ? ಇನ್ನೊಂದು. ಚೀನಾದವರಿಗೆ, ಅರಬ್ಬರಿಗೆ ಅಕ್ಷರ ಬರೆಯುವುದೇ ಒಂದು ದೊಡ್ಡ ಕಲೆ ಅನ್ನುತ್ತಾರೆ. ನಮ್ಮಲ್ಲಿ ಅಂಥದ್ದು ಇತ್ತಾ? ಅಥವಾ ನಮ್ಮದೆಲ್ಲ ಬರೀ 'ದುಂಡಗೆ ಬರೆ' ಅಷ್ಟೇನಾ?

ಚಾಲಿ ಅಡಿಕೆ (ಸಿದ್ದಾಪುರ)

ಮಾರಾಯಾ, ಕಂಪ್ಯೂಟರಿನಲ್ಲಿ ಒಳ್ಳೆ ಫಾಂಟ್ ಹಾಕಿ ಪ್ರಿಂಟ್ ತೆಗಿ. ಮಶೀನಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಮರದ ಮೇಲೆ ಕೆತ್ತಿ ಕೊಡುತ್ತಾರೆ. ಇದಕ್ಕೆ 15 ದಿನ ತಲೆ ಕೆಡಿಸಿಕೊಂಡಿದ್ದೀಯಾ?

ಮೂಲೆಮನೆ

ಅದೇ ಫಾಂಟಿನಲ್ಲಿ ನಮ್ಮೂರಿನ ಬೇಕರಿ, ಮೆಡಿಕಲ್ ಶಾಪು, ಶ್ರದ್ಧಾಂಜಲಿ ಬ್ಯಾನರ್ ಎಲ್ಲ ಇದೆ. ಅಣ್ಣನ ಮನೆಗೂ ಅದೇ ಬೇಡ ಅಂತ.

ಭಟ್ಕಳ ಕಲಮು

ತಪ್ಪು ಕೈಯದ್ದೂ ಅಲ್ಲ, ಪೆನ್ನಿನದ್ದೂ ಅಲ್ಲ. ಅಳತೆಯದ್ದು. ನೀವು ಯಾವ ಅಗಲದ ನಿಬ್ಬಿನಲ್ಲಿ ಎಷ್ಟು ಎತ್ತರದ ಅಕ್ಷರ ಬರೆದಿರಿ?

ನಮ್ಮ ಕಡೆ ನವಾಯತಿ, ಅಂದರೆ ಭಟ್ಕಳದ ಮುಸ್ಲಿಮರ ಕೊಂಕಣಿ, ಬರೆಯುವುದು ಅರಬ್ಬಿ-ಪಾರಸಿ ಲಿಪಿಯಲ್ಲಿ. ಚಿಕ್ಕವನಿದ್ದಾಗ ನಮ್ಮ ಕೇರಿಯಲ್ಲಿ ಒಬ್ಬರು ಮದುವೆ ಕಾಗದಕ್ಕೆ ಉರ್ದು ಬರೆದು ಕೊಡುತ್ತಿದ್ದರು. ರಜೆಯಲ್ಲಿ ಅವರ ಹತ್ತಿರ ಕೂತು ಸ್ವಲ್ಪ ಕಲಿತೆ. ಮೊದಲ ವಾರ ಅಕ್ಷರವೇ ಇಲ್ಲ, ಬರೀ ಚುಕ್ಕಿ. ಲಾಳದ ಕಡ್ಡಿಯ ಮೊನೆಯನ್ನು ಓರೆ ಕತ್ತರಿಸಿ, ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿದರೆ ಒಂದು ವಜ್ರದಾಕಾರದ ಚುಕ್ಕಿ ಬೀಳುತ್ತದೆ. ಆ ಚುಕ್ಕಿಯೇ ಗಜಕಡ್ಡಿ. ಅಲಿಫ್ ಅಕ್ಷರ ಅಂದರೆ ಇಷ್ಟು ಚುಕ್ಕಿ ಎತ್ತರ, ಬೇ ಅಕ್ಷರ ಅಂದರೆ ಇಷ್ಟು ಚುಕ್ಕಿ ಅಗಲ. ಶೈಲಿ ಬದಲಾದರೆ ಎಣಿಕೆ ಬದಲು. ಪೆನ್ನು ದಪ್ಪ ಆದರೆ ಅಕ್ಷರವೂ ಅದೇ ಲೆಕ್ಕದಲ್ಲಿ ದೊಡ್ಡದು.

ಈ ಲೆಕ್ಕ ಕಟ್ಟಿದವನು ಬಗ್ದಾದಿನ ಇಬ್ನ್ ಮುಕ್ಲಾ ಅನ್ನುತ್ತಾರೆ. ಖಲೀಫರ ಹತ್ತಿರ ಮೂರು ಸಲ ವಜೀರ ಆಗಿದ್ದವನು. ರಾಜಕೀಯದಲ್ಲಿ ಸಿಕ್ಕಿಹಾಕಿಕೊಂಡ. ಬಲಗೈ ಕಡಿಸಿದರು. ಮುಂಗೈಗೆ ಕಲಮು ಕಟ್ಟಿಕೊಂಡು ಬರೆದ ಅಂತ ಕಥೆ. 940ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡ. ನಮ್ಮ ಉಸ್ತಾದರು ಈ ಕಥೆಯನ್ನು ನಾನು ಚುಕ್ಕಿ ತಪ್ಪಿಸಿದಾಗಲೆಲ್ಲ ಹೇಳುತ್ತಿದ್ದರು. ಕೈ ಇದ್ದೂ ನಿನಗೇನಾಗಿದೆ ಅನ್ನುವ ಅರ್ಥದಲ್ಲಿ.

ಇಂಗ್ಲಿಷ್ ಕಲಿಸುವವರೂ ಇದನ್ನೇ ಮಾಡುತ್ತಾರೆ. ಎಡ್ವರ್ಡ್ ಜಾನ್‌ಸ್ಟನ್ ಅಂತ ಒಬ್ಬರು ಲಂಡನ್ನಿನಲ್ಲಿ ಹಳೆಯ ಕೈಬರಹ ಓದಿ ಓದಿ ಚಪ್ಪಟೆ ನಿಬ್ಬಿನ ವಿದ್ಯೆಗೆ ಮತ್ತೆ ಜೀವ ಕೊಟ್ಟರು, 1900ರ ಆಸುಪಾಸಿನಲ್ಲಿ. ಅವರು ಕಲಿಸಿದ ಬುನಾದಿ ಶೈಲಿಯಲ್ಲಿ ಸಣ್ಣಕ್ಷರದ ಎತ್ತರ ನಿಬ್ಬಿನ ಅಗಲದ 4 ಪಟ್ಟು. ನಿಮ್ಮ ವಿಡಿಯೋದವನು ಹೇಳಿದ್ದು ಅದೇ ಇರಬೇಕು. ಅದೇ 4ರಲ್ಲಿ ನೀವು ಕನ್ನಡ ಬರೆದಿದ್ದೀರಿ, ಅಲ್ವಾ?

ಮೂಲೆಮನೆ

ಹೌದು! ನಾಲ್ಕೇ. ಗೆರೆ ಹಾಕಿಕೊಂಡು ಬರೆದಿದ್ದೆ.

ಭಟ್ಕಳ ಕಲಮು

ಕನ್ನಡಕ್ಕೆ ಅದು ಸಾಲುವುದಿಲ್ಲ. ಇಂಗ್ಲಿಷ್ ಓ ಒಳಗೆ ಒಂದೇ ಖಾಲಿ. ನಮ್ಮ 'ಕ್ಕಿ'ಯಲ್ಲಿ ಹೊಟ್ಟೆ ಬೇರೆ, ಗುಡಿಸಿನ ಸುಳಿ ಬೇರೆ, ಕೆಳಗೆ ಒತ್ತು ಬೇರೆ. 7 ಪಟ್ಟು ಇಟ್ಟು ನೋಡಿ. ಒತ್ತಿಗೆ ಅದರ ಕೆಳಗೆ ಮತ್ತೆ 4 ಬಿಡಿ.

ಹಳೇ ಬೋರ್ಡು (ಶಿರಸಿ)

ನಾನು 22 ವರ್ಷ ಬೋರ್ಡ್ ಬರೆದವನು. ಶಿರಸಿ, ಯಲ್ಲಾಪುರ, ಕುಮಟಾ ಎಲ್ಲ ಕಡೆ. ಫ್ಲೆಕ್ಸ್ ಬಂದ ಮೇಲೆ ಬಿಟ್ಟೆ. ಚುಕ್ಕಿ ಲೆಕ್ಕ ನನಗೆ ಗೊತ್ತಿಲ್ಲ. ನಮ್ಮದು ಬ್ರಷ್ ಲೆಕ್ಕ, ಅದೂ ಹೆಚ್ಚುಕಮ್ಮಿ ಅದೇ ಇರಬಹುದು.

ತಮ್ಮಾ, ನೀನು ಅಕ್ಷರ ಬರೆಯುತ್ತಿದ್ದೀಯಾ, ಖಾಲಿ ಬರೆಯುತ್ತಿಲ್ಲ. ಮೊದಲು ಹಲಗೆಯ ಮೇಲೆ ಸುಣ್ಣದ ದಾರ ಎಳೆದು ಚಿಟಿಕೆ ಹೊಡಿ. ಮೇಲೆ ಒಂದು ಗೆರೆ, ಕೆಳಗೆ ಒಂದು, ಒತ್ತಿಗೆ ಇನ್ನೊಂದು. ಆಮೇಲೆ ಚಾಕ್‌ಪೀಸಿನಲ್ಲಿ ತೆಳ್ಳಗೆ ಬರಿ. ಮೂರು ಅಕ್ಷರ ಸಮ ಅಗಲ ಮಾಡಲು ಹೋಗಬೇಡ. 'ಬೆ' ಸಣ್ಣದು, 'ಳ್ಳ' ಅಗಲ, 'ಕ್ಕಿ' ಇನ್ನೂ ಅಗಲ. ಅಕ್ಷರದ ಅಗಲ ಅಳೆದರೆ ಬೋರ್ಡು ಹಲ್ಲು ಬಿದ್ದ ಬಾಯಿ ಹಾಗೆ ಕಾಣುತ್ತದೆ. ನಡುವಿನ ಖಾಲಿ ಸಮ ಇರಬೇಕು. ಅದನ್ನು ಪಟ್ಟಿಯಲ್ಲಿ ಅಳೆಯಲು ಬರುವುದಿಲ್ಲ. ಹಲಗೆಯನ್ನು ತಲೆಕೆಳಗೆ ಮಾಡಿ ದೂರ ನಿಂತು ನೋಡು. ಆಗ ಓದಲು ಆಗುವುದಿಲ್ಲ, ಬರೀ ಕಪ್ಪು ಬಿಳಿ ಕಾಣುತ್ತದೆ. ಎಲ್ಲಿ ತೂತು ಬಿದ್ದಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಒತ್ತು ಡಿಕ್ಕಿ ಹೊಡೆಯುವುದಕ್ಕೆ ಮದ್ದು: ಎರಡನ್ನೂ ಒಂದೇ ಕಡೆ ನೇತು ಹಾಕಬೇಡ. ಳ ಒತ್ತನ್ನು ತನ್ನ ಅಕ್ಷರದ ಕೆಳಗೇ ಸ್ವಲ್ಪ ಎಡಕ್ಕೆ ಸರಿಸು. ಕ ಒತ್ತನ್ನು ಬಲಕ್ಕೆ ಚಾಚು, ಕೊನೆಯ ಅಕ್ಷರ ಅಲ್ವಾ, ಬಲಕ್ಕೆ ಬೇಕಾದಷ್ಟು ಜಾಗ ಇದೆ. ಒತ್ತು ಸಣ್ಣ ಮಾಡು, ಆದರೆ ತೆಳ್ಳಗೆ ಮಾಡಬೇಡ. ಹೊಸಬರು ಎಲ್ಲರೂ ಮಾಡುವ ತಪ್ಪು ಅದು. ಒತ್ತು ತೆಳ್ಳಗಾದರೆ ಅಕ್ಷರಕ್ಕೆ ಕಾಲೇ ಇಲ್ಲದ ಹಾಗೆ.

ಸೋಂದೆ ದಾರಿ

ನಮ್ಮಲ್ಲಿ ಇತ್ತಾ ಅಂತ ಕೇಳಿದ್ದೀರಲ್ಲ. ಅಜ್ಜನ ಮನೆ ಅಟ್ಟದಲ್ಲಿ ಒಂದು ತಾಳೆಗರಿ ಕಟ್ಟು ಇದೆ. ಉಪ್ಪರಿಗೆಯ ಹೊಗೆಯಲ್ಲಿ ಉಳಿದುಕೊಂಡಿದೆ, ಹೊಗೆ ಇಲ್ಲದಿದ್ದರೆ ಗೆದ್ದಲು ತಿನ್ನುತ್ತಿತ್ತು. ಗರಿ ಬೆರಳಿನಷ್ಟು ಅಗಲ, ಅದರಲ್ಲಿ ಏಳು ಸಾಲು. ಸಾಸಿವೆ ಜೋಡಿಸಿದ ಹಾಗೆ ಅಕ್ಷರ. ಅದನ್ನು ಬರೆದದ್ದು ಮಸಿಯಲ್ಲಿ ಅಲ್ಲ. ಕಂಟದಲ್ಲಿ, ಅಂದರೆ ಕಬ್ಬಿಣದ ಮೊನೆಯಲ್ಲಿ ಗೀರಿದ್ದು. ಆಮೇಲೆ ಎಣ್ಣೆ, ಕಾಡಿಗೆ ಉಜ್ಜಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ.

ಕಂಟ ಹಿಡಿದವನಿಗೆ ದಪ್ಪ ಗೆರೆ, ತೆಳು ಗೆರೆ ಅನ್ನುವುದೇ ಇಲ್ಲ. ಎಲ್ಲ ಒಂದೇ ಗಾತ್ರ. ಎಡಗೈಯಲ್ಲಿ ಗರಿ ಹಿಡಿದು, ಅದೇ ಕೈಯ ಹೆಬ್ಬೆರಳಿನ ಉಗುರಿಗೆ ಕಂಟ ಆನಿಸಿ, ಕಂಟಕ್ಕಿಂತ ಜಾಸ್ತಿ ಗರಿಯನ್ನೇ ಸರಿಸುತ್ತಾ ಬರೆಯುತ್ತಿದ್ದರಂತೆ. ಹಾಗಾಗಿ ಅವರ ಅಂದ ಸುತ್ತಿನಲ್ಲಿದೆ, ದಪ್ಪದಲ್ಲಿ ಅಲ್ಲ. ನಿಮ್ಮ ಚಪ್ಪಟೆ ನಿಬ್ಬು ಕನ್ನಡಕ್ಕೆ ಹೊರಗಿನಿಂದ ಬಂದ ಅಳಿಯ. ಸ್ವಲ್ಪ ದಿನ ಮುಜುಗರ ಇರುತ್ತದೆ.

ಕನ್ನಡ ಅಕ್ಷರ ದುಂಡಗಾಗಿದ್ದೂ ಇದರಿಂದಲೇ. ಅಡ್ಡ ಗೆರೆ ಎಳೆದರೆ ನಾರಿನ ಗುಂಟ ಗರಿ ಸೀಳುತ್ತದೆ. ಸುತ್ತಿಸಿ ಬರೆದರೆ ಸೀಳುವುದಿಲ್ಲ.

ಬನವಾಸಿ ಬಳಪ

ಕೊನೆಯ ಮಾತಿಗೆ ನನ್ನ ತಕರಾರು ಇದೆ. ಎಲ್ಲ ಕಡೆ ಇದನ್ನೇ ಹೇಳುತ್ತಾರೆ, ಅಷ್ಟು ಸಲೀಸಲ್ಲ.

ಒಂದು, ತಮಿಳರೂ ಶತಮಾನಗಟ್ಟಲೆ ಗರಿಯ ಮೇಲೆ ಗೀರಿದ್ದಾರೆ. ಅವರ 'ಟ', 'ಪ' ನೋಡಿ, ಅಡ್ಡ ಗೆರೆ ನೆಟ್ಟಗೆ ಇದೆ. ಗರಿ ಸೀಳಲಿಲ್ಲವಾ? ಎರಡು, ನೇಪಾಳ, ಬಂಗಾಳ, ಬಿಹಾರದಲ್ಲೂ ತಾಳೆಗರಿಯೇ ಇತ್ತು, ಆದರೆ ಅವರು ಲೇಖನಿಯಲ್ಲಿ ಮಸಿ ಹಾಕಿ ಬರೆದರು. ಅಲ್ಲಿ ತಲೆಗೆರೆ ಉಳಿಯಿತು. ಅಂದರೆ ಗರಿಯ ಪಾಲಿಗಿಂತ ಕೈಯಲ್ಲಿದ್ದ ಸಾಧನದ ಪಾಲು ಜಾಸ್ತಿ. ಒಡಿಯಾ ಅಕ್ಷರದ ಬೋಳುತಲೆಗೆ ಕಂಟ ಕಾರಣ ಅಂದರೆ ಒಪ್ಪುತ್ತೇನೆ. ಕನ್ನಡದ ಮಟ್ಟಿಗೆ ಕಲ್ಲನ್ನೂ ನೋಡಬೇಕು.

ನಮ್ಮೂರಿನ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗರಕಲ್ಲು ಇದೆಯಲ್ಲ, ಅದರ ಅಂಚಿನಲ್ಲಿ ಬ್ರಾಹ್ಮಿಯಲ್ಲಿ ಪ್ರಾಕೃತ ಶಾಸನ ಇದೆ. ಕದಂಬರಿಗಿಂತ ಹಿಂದಿನದು, ಚುಟು ಅರಸರ ಕಾಲದ್ದು. ಕಡೆದ ನಟಕ ಅನ್ನುವವನ ಹೆಸರೂ ಅದರಲ್ಲೇ ಇದೆ. ಇಲ್ಲಿಂದ ತಾಳಗುಂದಕ್ಕೆ ಹೋಗಿ. ದೂರ ಇಲ್ಲ, ಶಿಕಾರಿಪುರ ತಾಲೂಕು. ಪ್ರಣವೇಶ್ವರ ಗುಡಿಯ ಎದುರಿನ ಎಂಟು ಮೂಲೆಯ ಕಂಬ. ಕದಂಬರ ಶಾಂತಿವರ್ಮನ ಕಾಲ, 5ನೇ ಶತಮಾನ. ಸಾಲುಗಳು ಕಂಬದ ಉದ್ದಕ್ಕೆ ಹರಿಯುತ್ತವೆ, ಓದಬೇಕಾದರೆ ಕುತ್ತಿಗೆ ವಾಲಿಸಬೇಕು. ಅಕ್ಷರದ ನೆತ್ತಿಯ ಮೇಲೆ ಸಣ್ಣ ಪೆಟ್ಟಿಗೆ. ನಾವು ತಲೆಕಟ್ಟು ಅನ್ನುವುದಕ್ಕೆ ಅದೇ ಅಜ್ಜ ಇರಬೇಕು ಅಂತ ನನಗನಿಸುತ್ತದೆ. ಕೆಳಗೆ ಬಾಗಿದ ಬಳ್ಳಿ. ಇಷ್ಟು ಚೆಂದದ ಕೆಲಸ ಸಾಧಾರಣ ಕಲ್ಲುಕುಟಿಗನಿಂದ ಬರುವುದಿಲ್ಲ.

ಕೊನೆಯ ಪದ್ಯ ಏನು ಹೇಳುತ್ತದೆ ಗೊತ್ತಾ? ಕುಬ್ಜ ಎಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ ಅಂತ. ಎಷ್ಟೋ ಶಾಸನಗಳಲ್ಲಿ ಪದ್ಯ ಕಟ್ಟಿದವನು ಬೇರೆ, ಬರೆದವನು ಬೇರೆ, ಕಂಡರಿಸಿದವನು ಬೇರೆ. ಮೂವರ ಹೆಸರೂ ಇರುತ್ತದೆ. ಕುಬ್ಜನಿಗೆ ತನ್ನ ಅಕ್ಷರ ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಇದಕ್ಕಿಂತ ಹೆಚ್ಚಿನ ಕಲೆಗಾರಿಕೆ ಯಾವ ದೇಶದಲ್ಲಿದೆ ಹೇಳಿ.

ಸೋಂದೆ ದಾರಿ

ತಮಿಳಿನ ಮಾತು ಒಪ್ಪಿದೆ, ಅದು ಹೊಳೆದಿರಲಿಲ್ಲ. ಆದರೂ ಒಂದು ಹಳೆ ಗರಿಯ ಮೇಲೆ ಸೂಜಿಯಲ್ಲಿ ಅಡ್ಡ ಗೆರೆ ಎಳೆದು ನೋಡಿ. ನಾನು ನೋಡಿದ್ದೇನೆ. ಮೂರಕ್ಕೆ ಒಂದು ಸೀಳಿತು.

ಚಾಲಿ ಅಡಿಕೆ

ಅಂದರೆ ಎರಡು ಸೀಳಲಿಲ್ಲ.

ಕಾಳಿ ದಂಡೆ (ಕಾರವಾರ)

ಇಲ್ಲಿ ಎಲ್ಲರೂ ಚೆಂದದ ಬಗ್ಗೆ ಹೇಳುತ್ತಿದ್ದೀರಿ. ನಾನು ಅವಸರದ ಬರಹದ ಬಗ್ಗೆ ಹೇಳುತ್ತೇನೆ.

1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿಗೆ ಸೇರಿಸಿದರು. 1956ರವರೆಗೆ ನಾವು ಮುಂಬಯಿಯವರೇ. ಮರಾಠಿಯ ಜೊತೆ ಮೋಡಿ ಲಿಪಿಯೂ ನಮ್ಮ ಕಾಗದಪತ್ರಕ್ಕೆ ಬಂತು. ನಮ್ಮಜ್ಜನ ಜಮೀನಿನ ಒಂದು ಪತ್ರ ಪೂರ್ತಿ ಮೋಡಿಯಲ್ಲಿದೆ. ಹೋದ ವರ್ಷ ಒಂದು ಕಚೇರಿಗೆ ಹಿಡಿದುಕೊಂಡು ಹೋದೆ. ಒಬ್ಬರು ತಿರುಗಿಸಿ ನೋಡಿದರು, ಇನ್ನೊಬ್ಬರು ತಲೆಕೆಳಗೆ ಹಿಡಿದು ನೋಡಿದರು. 'ಇದು ಉರ್ದು ಇರಬೇಕು' ಅಂದರು. ನಾಲ್ಕು ಸಲ ಅಲೆದಾಡಿದೆ. ಕೊನೆಗೆ ಬೆಳಗಾವಿಯ ಒಬ್ಬ ಮುದುಕರು ಹತ್ತು ನಿಮಿಷದಲ್ಲಿ ಓದಿ ಮುಗಿಸಿದರು.

ಅವರೇ ತೋರಿಸಿದ್ದು. ಮೋಡಿಯಲ್ಲಿ ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಬಟ್ಟೆ ಒಣಗಿಸಿದ ಹಾಗೆ ಅದಕ್ಕೆ ಅಕ್ಷರ ನೇತುಹಾಕುತ್ತಾ ಹೋಗುವುದು, ಕೈ ಆದಷ್ಟು ಎತ್ತದೆ. ಶಬ್ದ ಎಲ್ಲಿ ಮುಗಿಯಿತು ಅಂತ ನೀವೇ ತಿಳಿದುಕೊಳ್ಳಬೇಕು. ಬೋರು ಅಂತ ಕರೆಯುವ ಲಾಳದ ಕಡ್ಡಿಯಲ್ಲಿ ಬರೆಯುತ್ತಿದ್ದರು. ದೇವನಾಗರಿಗೆ ಈ ಬೋರಿನ ಮೊನೆಯನ್ನು ಇಂಗ್ಲಿಷ್ ನಿಬ್ಬಿಗೆ ಎದುರು ದಿಕ್ಕಿಗೆ ಓರೆ ಕತ್ತರಿಸುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲಿ ತೆಳುವೋ ದೇವನಾಗರಿಯಲ್ಲಿ ಅಲ್ಲಿ ದಪ್ಪ. ಮೂಲೆಮನೆಯವರೇ, ನಿಮ್ಮ ನಿಬ್ಬನ್ನು ಎದುರು ಓರೆಗೆ ಹಿಡಿದು ಕನ್ನಡ ಬರೆದು ನೋಡಿದ್ದೀರಾ? ಸುಮ್ನೆ ಒಂದು ಕುತೂಹಲ.

ನಮ್ಮ ಕೊಂಕಣಿಯ ಕಥೆಯಂತೂ ಕೇಳಲೇ ಬೇಡಿ. ನಾಗರಿ, ಕನ್ನಡ, ರೋಮನ್, ಮಲಯಾಳಂ, ಪಾರಸಿ-ಅರಬ್ಬಿ, ಐದು ಲಿಪಿ. ಮಾತು ಒಂದೇ, ಅಂಗಿ ಐದು. ನಮ್ಮ ಬಂದರಿನ ಬೋಟುಗಳ ಮೂತಿ ನೋಡುತ್ತಾ ನಡೆದರೆ ಎರಡು ಮೂರು ಅಂಗಿಯಾದರೂ ಕಾಣುತ್ತವೆ.

ಹಳೇ ಬೋರ್ಡು

ಬೋಟಿನ ಮೂತಿ ನಾನೂ ಬರೆದಿದ್ದೇನೆ, ತದಡಿಯಲ್ಲಿ. ಹಲಗೆ ಬಾಗಿರುತ್ತದೆ. ನೇರ ಬರೆದರೆ ದಡದಲ್ಲಿ ನಿಂತವನಿಗೆ ಸೊಟ್ಟ ಕಾಣುತ್ತದೆ. ಸೊಟ್ಟ ಬರೆದರೆ ನೇರ ಕಾಣುತ್ತದೆ. ಮಾಲೀಕ ಹತ್ತಿರ ನಿಂತು ಬೈಯುತ್ತಿರುತ್ತಾನೆ.

ಕುಮಟಾದವಳು, ಈಗ ಹೊರಗೆ

ಎರಡು ವರ್ಷ ಕೆಲಸದ ಮೇಲೆ ಚೀನಾದಲ್ಲಿದ್ದೆ. ಬೆಳಿಗ್ಗೆ ಪಾರ್ಕಿಗೆ ಹೋದರೆ ಮುದುಕರು ಪೊರಕೆಯಷ್ಟು ಉದ್ದದ ಕುಂಚ ಹಿಡಿದು, ಬಕೆಟ್ ನೀರಿನಲ್ಲಿ ಅದ್ದಿ, ಕಲ್ಲು ಹಾಸಿನ ಮೇಲೆ ಬರೆಯುತ್ತಾರೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಆರಿರುತ್ತದೆ. ಯಾರಿಗೂ ಬೇಜಾರಿಲ್ಲ. ನನಗೆ ಮಾತ್ರ ಫೋಟೋ ತೆಗೆಯುವ ಗಡಿಬಿಡಿ.

ಅವರ ದೊಡ್ಡ ಗುರು ವಾಂಗ್ ಷೀಜ಼ಿ. 353ನೇ ಇಸವಿಯಲ್ಲಿ ಗೆಳೆಯರನ್ನೆಲ್ಲ ಸೇರಿಸಿ ಒಂದು ಹಳ್ಳದ ದಂಡೆಯಲ್ಲಿ ಕೂರಿಸಿದ. ನೀರಿನಲ್ಲಿ ಮದ್ಯದ ಬಟ್ಟಲು ತೇಲಿ ಬರುತ್ತದೆ, ಎದುರು ನಿಂತರೆ ಪದ್ಯ ಹೇಳಬೇಕು, ಇಲ್ಲಾ ಕುಡಿಯಬೇಕು. ಆ ಪದ್ಯಗಳಿಗೆ ಅವನು ಬರೆದ ಮುನ್ನುಡಿಯೇ ಲಾಂಟಿಂಗ್ ಮುನ್ನುಡಿ. ಬರೀ 324 ಅಕ್ಷರ. ಅದರಲ್ಲಿ 'ಜ಼ಿ' ಅನ್ನುವ ಒಂದೇ ಅಕ್ಷರ ಸುಮಾರು 20 ಸಲ ಬರುತ್ತದೆ, ಒಂದು ಇದ್ದ ಹಾಗೆ ಇನ್ನೊಂದಿಲ್ಲ. ಇದನ್ನು ಓದಿದ ಮೇಲೆ ನನಗೆ ಫಾಂಟ್ ಅಂದರೆ ಏನು ಅಂತ ಅರ್ಥ ಆಯಿತು. ಮೂಲ ಪ್ರತಿ ಈಗ ಇಲ್ಲ. ತಾಂಗ್ ಚಕ್ರವರ್ತಿ ತೈಜ಼ೋಂಗ್ ತನ್ನ ಜೊತೆ ಸಮಾಧಿಗೆ ಹಾಕಿಸಿಕೊಂಡ ಅನ್ನುತ್ತಾರೆ. ನಾವು ನೋಡುವುದೆಲ್ಲ ನಕಲು.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ ಈ ವಾಂಗ್‌ಗೆ ಹೆಬ್ಬಾತಿನ ಹುಚ್ಚು. ಬಾತಿನ ಕುತ್ತಿಗೆ ಬಾಗುವುದನ್ನು ನೋಡಿ ಮಣಿಕಟ್ಟು ತಿರುಗಿಸುವುದನ್ನು ಕಲಿತ ಅಂತ ಕಥೆ. ಒಬ್ಬ ಸನ್ಯಾಸಿಗೆ ಇಡೀ ಗ್ರಂಥ ಬರೆದುಕೊಟ್ಟು ಬದಲಿಗೆ ಬಾತುಗಳನ್ನು ಹೊಡೆದುಕೊಂಡು ಬಂದನಂತೆ! ಮೂಲೆಮನೆ, ನಿನ್ನೆದುರಿಗೆ ದಿನಾ ಬೆಳ್ಳಕ್ಕಿ ನಿಂತಿರುತ್ತವೆ. ಆ ಕುತ್ತಿಗೆ 'ಬೆ'ಯ ಏತ್ವದ ಹಾಗೆ ಇಲ್ವಾ? ನಿಬ್ಬು ಪಕ್ಕಕ್ಕಿಟ್ಟು ಕುಂಚದಲ್ಲಿ ಒಂದು ಸಲ ಬರಿ.

ಮತ್ತೆ ಕಾಗದಕ್ಕೆ ದುಡ್ಡು ಹಾಕಬೇಡ. ಹುವಾಯ್‌ಸು ಅಂತ ಒಬ್ಬ ಬೌದ್ಧ ಭಿಕ್ಷು, 8ನೇ ಶತಮಾನದವನು, ಕಾಗದ ಕೊಳ್ಳಲು ಆಗದೆ ಬಾಳೆ ನೆಟ್ಟು ಎಲೆಯ ಮೇಲೆ ಬರೆದು ಕಲಿತನಂತೆ. ನಿಮ್ಮ ತೋಟದಲ್ಲಿ ಬಾಳೆಗೇನು ಬರವಾ?

ಮೂಲೆಮನೆ

ಬಾಳೆ ಎಲೆ! ಇವತ್ತೇ ನೋಡುತ್ತೇನೆ. ಆಯಿ ಬೈಯದಿದ್ದರೆ ಸಾಕು.

ಸೋಂದೆ ದಾರಿ

ನಮ್ಮಲ್ಲೂ ಅಳಿಸಿ ಬರೆಯುವುದು ಇತ್ತು. ಕಡತ ಕೇಳಿದ್ದೀರಲ್ಲ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ ಪುಸ್ತಕ ಮಾಡುವುದು. ಕರಿ ಹಲಗೆಯೇ ಅದು, ಮಡಚಲು ಬರುತ್ತದೆ ಅಷ್ಟೇ. ಬಳಪದಲ್ಲಿ ಬರೆದು, ಬೇಡವಾದರೆ ಒರೆಸುವುದು. ಅಂಗಡಿ ಲೆಕ್ಕ ಎಲ್ಲ ಅದರಲ್ಲೇ. ಈಗ ಕಡತ ಅಂದರೆ ಕಚೇರಿ ಫೈಲು. ಅದನ್ನು ಒರೆಸಲು ಬರುವುದಿಲ್ಲ, ಕಳೆಯಲು ಬರುತ್ತದೆ.

ಭಟ್ಕಳ ಕಲಮು

ಉರ್ದು ಕಲಿಯುವವರಿಗೂ ತಖ್ತಿ ಅಂತ ಮರದ ಹಲಗೆ ಇತ್ತು. ಮುಲ್ತಾನಿ ಮಿಟ್ಟಿ ಬಳಿದು, ಬರೆದು, ತೊಳೆಯುವುದು. ಮಸಿ ಕುಡಿಕೆಯಲ್ಲಿ ರೇಷ್ಮೆ ನೂಲಿನ ಉಂಡೆ ಹಾಕುತ್ತಾರೆ, ಕಲಮು ಬೇಕಾದಷ್ಟೇ ಮಸಿ ಹೀರಲಿ ಅಂತ. ಮೂಲೆಮನೆಯವರೇ, ನಿಮ್ಮ ಮಸಿ ಯಾವುದು? ಮುದ್ದೆ ಆಗುವುದಕ್ಕೆ ಅದೂ ಕಾರಣ ಇರಬಹುದು.

ಒಂದು ಸಲ ಬಿಜಾಪುರಕ್ಕೆ ಹೋದಾಗ ಇಬ್ರಾಹಿಂ ರೋಜಾ ನೋಡಿ. ಕಿಟಕಿಯ ಕಲ್ಲಿನ ಜಾಲರಿಯೇ ಅಕ್ಷರ. ಬೆಳಕು ಬರುವುದೇ ಬರಹದ ಸಂದಿಯಿಂದ. ಬೋರ್ಡು ಮಾಮ ಹೇಳಿದ 'ಖಾಲಿ ಬರೆಯುವುದು' ಅಂದರೆ ಅದೇ.

ಚಾಲಿ ಅಡಿಕೆ

ಮಸಿಯ ಮಾತು ಬಂದಿದ್ದಕ್ಕೆ ನಾನೂ ಒಂದು ಹೇಳುತ್ತೇನೆ, ನಗಬೇಡಿ. ಹಸಿ ಅಡಿಕೆ ಸುಲಿದರೆ ಮೆಟ್ಟುಗತ್ತಿ ಕಪ್ಪಾಗುತ್ತದೆ, ಬೆರಳೂ ಕಪ್ಪಾಗುತ್ತದೆ, ವಾರ ಹೋಗುವುದಿಲ್ಲ. ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಆಗುವ ಬಣ್ಣ ಅದು. ನಿನ್ನೆ ಅಡಿಕೆ ಬೇಯಿಸಿದ ಚೊಗರಿಗೆ ತುಕ್ಕು ಮೊಳೆ ಒಂದು ಮುಷ್ಟಿ ಹಾಕಿ ಇಟ್ಟೆ. ಇವತ್ತು ಕರ್ರಗಿನ ಮಸಿ!

ಬನವಾಸಿ ಬಳಪ

ಫಾಂಟ್ ಹಾಕಿ ಪ್ರಿಂಟ್ ತೆಗಿ ಅಂದವನು ನೀನೇ ತಾನೆ?

ಇದು ಹಳೇ ವಿದ್ಯೆ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಹಾಕಿ ನಮ್ಮವರು ಮಸಿ ಮಾಡುತ್ತಿದ್ದರು. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿಗೆ ಅದೇ ಅನ್ನಭೇದಿ. ಅವರ ಮಠಗಳ ಪುಸ್ತಕ ಎಷ್ಟೋ ಅದರಲ್ಲೇ ಬರೆದದ್ದು. ಬರೆಯುವಾಗ ಮಸುಕು, ಗಾಳಿ ತಾಗಿ ಕಪ್ಪಾಗುತ್ತದೆ. ಒಂದೇ ಕೆಟ್ಟ ಗುಣ, ಹುಳಿ ಜಾಸ್ತಿಯಾದರೆ ಕಾಲ ಕಳೆದಂತೆ ಕಾಗದವನ್ನೇ ತಿನ್ನುತ್ತದೆ.

ಜಪಾನಿನ ಸುದ್ದಿ ಯಾರೂ ತೆಗೆಯಲಿಲ್ಲ, ಒಂದೇ ಮಾತು. 806ರಲ್ಲಿ ಕೂಕಾಯ್ ಎಂಬ ಭಿಕ್ಷು ಚೀನಾದಿಂದ ಮರಳುವಾಗ ನಮ್ಮ ಸಿದ್ಧಂ ಲಿಪಿಯನ್ನು ಒಯ್ದ. ಬ್ರಾಹ್ಮಿಯ ಮೊಮ್ಮಗು ಅದು. ನಮ್ಮಲ್ಲಿ ಬಳಕೆ ತಪ್ಪಿತು. ಅಲ್ಲಿ ಇವತ್ತಿಗೂ ಕುಂಚದಲ್ಲಿ ಬರೆಯುತ್ತಾರೆ.

ಕಾಳಿ ದಂಡೆ

ಇನ್ನೊಂದು ನೆನಪಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ', 1843ರ ಜುಲೈ 1ರದ್ದು, ಅಚ್ಚುಮೊಳೆಯಲ್ಲಿ ಜೋಡಿಸಿದ್ದಲ್ಲ. ಕಲ್ಲಚ್ಚು. ಅಂದರೆ ಯಾರೋ ಕೂತು ಕೈಯಲ್ಲಿ ಬರೆದ ಅಕ್ಷರ ಅದು.

ಮೂಲೆಮನೆ

ಹತ್ತು ದಿನ ಬಿಟ್ಟು ಬಂದೆ. ವರದಿ ಒಪ್ಪಿಸುತ್ತೇನೆ.

7 ಪಟ್ಟು ಇಟ್ಟ ಕೂಡಲೇ ಸುಳಿ ಕಣ್ಣು ಬಿಟ್ಟಿತು. ಎದುರು ಓರೆಯಲ್ಲಿ ನಿಬ್ಬು ಹಿಡಿದರೆ 'ಬೆ' ಚೆಂದ ಬಂತು, ಆದರೆ 'ಕ' ಹೊಟ್ಟೆ ಊದಿಕೊಂಡಿತು. ಕೊನೆಗೆ ನಿಬ್ಬು ಬಿಟ್ಟೆ. ಅರ್ಧ ಇಂಚಿನ ಚಪ್ಪಟೆ ಬ್ರಷ್ಷು. ಬಾಳೆ ಎಲೆಯ ಮೇಲೆ ಸುಣ್ಣದ ನೀರಿನಲ್ಲಿ ಬರೆದೆ, 40 ಎಲೆ ಆಗಿರಬೇಕು. ಬರೆದದ್ದನ್ನೆಲ್ಲ ದನ ತಿಂದಿತು. ಎಲೆಯ ನಡುದಿಂಡಿನಿಂದ ಅಂಚಿಗೆ ಗೆರೆಗಳು ಇರುತ್ತವಲ್ಲ, ಬ್ರಷ್ಷು ಅದರ ಗುಂಟ ಜಾರುತ್ತದೆ, ಅಡ್ಡಕ್ಕೆ ಎಳೆದರೆ ತಡೆಯುತ್ತದೆ. ಗರಿ, ನಾರು ಅಂತ ನೀವಿಬ್ಬರೂ ಜಗಳ ಆಡಿದ್ದು ಯಾಕೆ ಅಂತ ಕೈಗೆ ಗೊತ್ತಾಯಿತು.

ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದು, ತಲೆಕೆಳಗೆ ಮಾಡಿ ಜಗಲಿಯಲ್ಲಿಟ್ಟು ಅಂಗಳದಿಂದ ನೋಡಿದೆ. 'ಳ್ಳ'ಕ್ಕೂ 'ಕ್ಕಿ'ಗೂ ನಡುವೆ ಬಾಗಿಲಿನಷ್ಟು ತೂತು! ಒರೆಸಿ ಸರಿಸಿದೆ. ಕ ಒತ್ತನ್ನು ಬಲಕ್ಕೆ ಚಾಚಿದೆ. ನೀರಿಗೆ ಇಳಿಸಿದ ಕಾಲಿನ ಹಾಗೆ ಬಂದಿದೆ, ಬೇಕಂತ ಮಾಡಿದ್ದಲ್ಲ. ಅಡಿಕೆ ಮಸಿ ಮರದ ಮೇಲೆ ಹರಡಿತು, ಹಾಗಾಗಿ ಕರಿ ಬಣ್ಣವೇ ಹಾಕಿದೆ. ಚಾಲಿ ಬೇಜಾರು ಮಾಡಿಕೊಳ್ಳಬಾರದು.

ಫೋಟೋ ಹಾಕಿದ್ದೇನೆ. ನಾಳೆ ವಾರ್ನಿಶ್ ಹೊಡೆಯುತ್ತೇನೆ.

ಹಳೇ ಬೋರ್ಡು

ನೋಡಿದೆ. ಳ ಒತ್ತು ಒಂದು ನೂಲು ಕೆಳಗಿದೆ, ಇರಲಿ, ಅದನ್ನು ನಾನು ಬಿಟ್ಟರೆ ಯಾರೂ ನೋಡುವುದಿಲ್ಲ. ವಾರ್ನಿಶ್ ಮಾತ್ರ ನಾಳೆ ಬೇಡ. ಹೊರಗೆ ಜಡಿಮಳೆ. ಹಲಗೆಯ ಒಳಗೆ ತೇವ ಕೂತಿದ್ದರೆ ಬಿಳಿ ಬಿಳಿ ಏಳುತ್ತದೆ. ಅಟ್ಟದ ಮೇಲೆ ಒಲೆ ಬಿಸಿ ತಾಗುವ ಕಡೆ ಇಡು, ಅಕ್ಷರ ಮೇಲ್ಮುಖ ಮಾಡಿ. ಮಳೆ ಹಿಂದೆ ಹೋಗಲಿ, ಆಮೇಲೆ ನೋಡೋಣ.